ಗೊಬ್ಬರದ ಗಿಡ: ಕೈತೋಟಕ್ಕೆ ಹಸಿರೆಲೆಯ ಪೋಷಣೆ

ಉಷ್ಣ ಪ್ರದೇಶಗಳ ಮಣ್ಣಿನಲ್ಲಿ ಸಾವಯವ ಅಂಶವು ಬೇಗನೆ ಕ್ಷೀಣಿಸುತ್ತದೆ. ತಾಪ ಹೆಚ್ಚಿದಂತೆ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಹೆಚ್ಚಿ, ಮಣ್ಣಿಗೆ ಸೇರಿಸಿದ ಗೊಬ್ಬರವು ಶೀಘ್ರವಾಗಿ ಕರಗಿಹೋಗುವುದೇ ಇದಕ್ಕೆ ಕಾರಣ. ಕುಂಡಗಳಲ್ಲಿ ಈ ನಷ್ಟ ಇನ್ನೂ ಅಧಿಕ. ಎರೆದ ನೀರಿನೊಡನೆ ಪೋಷಕಾಂಶಗಳು ಬಸಿದು ಹೋಗುತ್ತವೆ. ಆದುದರಿಂದ ನಗರದ ಕೈತೋಟಕ್ಕೆ ಸ್ವಲ್ಪಸ್ವಲ್ಪವಾಗಿ, ಪದೇ ಪದೇ ಗೊಬ್ಬರ ಒದಗಿಸುವುದು ಅಗತ್ಯ.

ಯೂರೋಪಿನಲ್ಲಿ ಇದಕ್ಕಾಗಿ ಕಾಂಫ್ರೆ ಎಂಬ ಸಸ್ಯದ ಎಲೆಗಳನ್ನು ಬಳಸುತ್ತಾರೆ. ಆದರೆ ತಂಪನ್ನೂ ತೇವವನ್ನೂ ಬಯಸುವ ಆ ಸಸ್ಯ ನಮ್ಮ ಬೇಸಿಗೆಯಲ್ಲಿ ಸೊರಗುತ್ತದೆ. ಅದೇ ಕಾರ್ಯವನ್ನು ನಮ್ಮಲ್ಲಿ ಸಮರ್ಥವಾಗಿ ನಿರ್ವಹಿಸುವುದು ಗ್ಲಿರಿಸೀಡಿಯಾ. ಕರ್ನಾಟಕದಲ್ಲಿ ಇದಕ್ಕೆ ಗೊಬ್ಬರದ ಗಿಡವೆಂದೇ ಹೆಸರು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ ಈ ಮರ ಇಂದು ಮುಂಬಯಿಯಲ್ಲಿಯೂ ಪುಣೆಯ ಗುಡ್ಡಗಳಲ್ಲಿಯೂ ಸಾಮಾನ್ಯವಾಗಿ ಕಾಣಸಿಗುತ್ತದೆ. ಬೇಸಿಗೆಯ ಆರಂಭದಲ್ಲಿ ಎಲೆಯುದುರಿದ ಕೊಂಬೆಗಳ ತುಂಬ ಬಿಡುವ ನಸುಗೆಂಪು ಹೂಗಳಿಂದ ಇದನ್ನು ಗುರುತಿಸಬಹುದು.

ಇದರ ವಿಶೇಷ

ಇದು ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿ ನೆಲಸಿರುವ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಒಣ ಎಲೆಯ ತೂಕದಲ್ಲಿ ಸುಮಾರು ಶೇ. 3ರಷ್ಟು ಸಾರಜನಕವಿರುತ್ತದೆ, ಪೊಟ್ಯಾಷ್ ಸಹ ಸಾಕಷ್ಟಿದೆ. ಎಲೆ ಮೃದುವಾದುದರಿಂದ ಬೇಗನೆ ಕೊಳೆಯುತ್ತದೆ. ರಂಜಕದ ಪ್ರಮಾಣ ಮಾತ್ರ ಕಡಿಮೆ. ಅದನ್ನು ಎಲುಬಿನ ಪುಡಿಯಿಂದ ಪೂರೈಸಬಹುದು.

ಬೆಳೆಸುವ ಕ್ರಮ

ಬಲಿತ ಕೊಂಬೆಯಿಂದ ಸುಮಾರು ಒಂದು ಮೀಟರ್ ಉದ್ದದ ತುಂಡನ್ನು ಕತ್ತರಿಸಿ, ಮಳೆಗಾಲದ ಆರಂಭದಲ್ಲಿ ವಸತಿ ಸಂಕೀರ್ಣದ ಬೇಲಿಯಂಚಿನಲ್ಲಿ ನೆಡಬೇಕು. ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಬಾರಿ ಸೊಪ್ಪು ಕಡಿಯಬಹುದು. ಸಾರ್ವಜನಿಕ ಸ್ಥಳದ ಮರಗಳ ಕೊಂಬೆ ಕಡಿಯುವ ಮುನ್ನ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಬೇಕು. ದೆಹಲಿಯಂತಹ ಕೊರೆಯುವ ಚಳಿಯ ಪ್ರದೇಶ ಈ ಮರಕ್ಕೆ ಅಷ್ಟಾಗಿ ಒಗ್ಗದು; ಅಲ್ಲಿ ಮಳೆಗಾಲದಲ್ಲಿ ಅಪ್ಸೆಣಬು ಬಿತ್ತಿ, ಹೂಬಿಡುವ ವೇಳೆಗೆ ಮಣ್ಣಿಗೆ ಸೇರಿಸುವುದು ಸೂಕ್ತ.

ಬಳಸುವ ವಿಧಾನ

ಸೊಪ್ಪನ್ನು ಸಣ್ಣದಾಗಿ ಕತ್ತರಿಸಿ ಗಿಡದ ಬುಡಕ್ಕೆ, ಕಾಂಡಕ್ಕೆ ತಾಗದಂತೆ, ಎರಡು ಅಂಗುಲ ಹೊದಿಸಿದರೆ ತೇವವೂ ಉಳಿಯುತ್ತದೆ. ಮಣ್ಣಿನಲ್ಲಿಯೇ ಬೆರೆಸುವುದಾದರೆ ಎರಡು ಮೂರು ವಾರ ಬಿಟ್ಟು ಬೀಜ ಬಿತ್ತಬೇಕು.

ದ್ರವಗೊಬ್ಬರಕ್ಕೆ ಒಂದು ಕಿಲೋ ಸೊಪ್ಪನ್ನು ಹತ್ತು ಲೀಟರ್ ನೀರಿನಲ್ಲಿ ಎರಡು ವಾರ ನೆನೆಸಿ, ಆಗಾಗ ಕಲಕಬೇಕು. ಸೋಸಿದ ದ್ರವಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಎರೆಯಬೇಕು. ಸೊಳ್ಳೆಗಳು ಮೊಟ್ಟೆಯಿಡದಂತೆ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿಡುವುದು ಅತ್ಯಗತ್ಯ.

ಈ ಮರದ ಬೀಜ ಮತ್ತು ತೊಗಟೆ ವಿಷಕಾರಿ. ಇಲಿಗಳನ್ನು ಕೊಲ್ಲಲು ಅವನ್ನು ಬಳಸುವುದುಂಟು. ಆದುದರಿಂದ ಮಕ್ಕಳನ್ನೂ ಸಾಕುನಾಯಿಗಳನ್ನೂ ಇವುಗಳಿಂದ ದೂರವಿಡಬೇಕು.

ಕಸವೆಂದು ಸುಟ್ಟ ಎಲೆ ಹೊಗೆಯಾಗಿ ನೆರೆಹೊರೆಯವರ ಉಸಿರಿಗೆ ಸೇರುತ್ತದೆ. ಅದೇ ಎಲೆ ಮಣ್ಣಿಗೆ ಸೇರಿದರೆ ಮನೆಯ ಸೊಪ್ಪು ತರಕಾರಿಗಳಿಗೆ ಆಹಾರವಾಗುತ್ತದೆ. ವಸತಿ ಸಂಕೀರ್ಣದ ನಿವಾಸಿಗಳು ಒಟ್ಟಾಗಿ ಕೈಗೊಂಡಲ್ಲಿ ಈ ಕಾರ್ಯ ಸುಲಭಸಾಧ್ಯ, ಖರ್ಚೂ ಅತ್ಯಲ್ಪ.