ಮಣ್ಣಿನ ಟ್ರ್ಯಾಕಿಗೆ ಇಳಿಯೋ ಮೊದಲು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಬೈಕ್ ಹುಡುಗ್ರ, ಮಣ್ಣಿನ ಟ್ರ್ಯಾಕಿನಾಗ ರೇಸ್ ಓಡಿಸೋ ಆಸೆ ಐತೇನು? ಮೊದಲು ಇದನ್ನ ಕೇಳ್ರಿ.

2015ರಾಗ ದೂರದ ದುರ್ಗಮ ಹಾದಿಯ ರೇಸ್ ಆದ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅಂಥವರೂ 2021ರ ಡಾಕರ್‌ನಾಗ ಬಿದ್ದು ತಲಿಗೆ ಪೆಟ್ಟು ತಿಂದ್ರು. ಹಂಗಾಗಿ ಮೊದಲು ಮೈ ಕಾಯೋ ಸಾಮಾನು ನೋಡ್ಕೊಳ್ರಿ.

ಅಂಡಾಕಾರದ ಮಣ್ಣಿನ ಟ್ರ್ಯಾಕಿನ ರೇಸ್, ಅಂದ್ರ ಫ್ಲ್ಯಾಟ್ ಟ್ರ್ಯಾಕ್‌ನಾಗ ತಿರುವೆಲ್ಲ ಎಡಕ್ಕ. ಹಿಂದಿನ ಗಾಲಿ ಜಾರತೈತಿ, ಎಡಗಾಲು ನೆಲ ಸವರತೈತಿ. ಅದಕ್ಕ ಎಡ ಬೂಟಿನ ತಳಕ್ಕ ಉಕ್ಕಿನ ತಗಡು ಕಟ್ತಾರ. ಚಪ್ಪಲಿ, ಕ್ಯಾನ್ವಾಸ್ ಶೂ ನಡ್ಯಂಗಿಲ್ಲ. ಕಣಕಾಲು ಮುಚ್ಚೋ ಗಟ್ಟಿ ಬೂಟೇ ಬೇಕು.

ಹೆಲ್ಮೆಟ್ ಗದ್ದ ಮುಚ್ಚೋ ಫುಲ್ ಫೇಸ್ ಇರಲಿ. ಐಎಸ್‌ಐ ಗುರುತು, ಐಎಸ್ 4151 ನಂಬರ್ ನೋಡ್ರಿ. ಪಟ್ಟಿ ಬಿಗಿದು ತಲಿ ಅಲ್ಲಾಡಿಸ್ರಿ. ಹೆಲ್ಮೆಟ್ ಜೊತಿಗೆ ಕೆನ್ನಿ ಚರ್ಮನೂ ಅಲ್ಲಾಡಿದ್ರ ಸೈಜ್ ಸರಿ. ಹೆಲ್ಮೆಟ್ ಅಷ್ಟ ತಿರುಗಿದ್ರ ದೊಡ್ಡದಾತು. ಜೋರು ಪೆಟ್ಟು ಬಿದ್ದ ಹೆಲ್ಮೆಟ್ ಬಿರುಕು ಕಾಣದಿದ್ರೂ ಮತ್ತ ಹಾಕಬ್ಯಾಡ್ರಿ. ಒಳಗಿನ ಥರ್ಮಾಕೋಲ್ ಒಮ್ಮೆ ಒತ್ತಿಹೋದ್ರ ತಿರುಗಿ ಉಬ್ಬಂಗಿಲ್ಲ.

ಮೊಣಕಾಲು, ಮೊಣಕೈ, ಎದಿ, ಬೆನ್ನಿಗೆ ಗಾರ್ಡ್, ಕೈಗೆ ಗ್ಲೌಸ್, ಧೂಳಿಗೆ ಗಾಗಲ್ಸ್ ಬೇಕು.

ರೊಕ್ಕ ಕಡಿಮಿ ಇದ್ರ ಮೊದಲು ಹೆಲ್ಮೆಟ್, ಬೂಟು ತಗೊಳ್ರಿ; ಸೈಲೆನ್ಸರ್, ಸ್ಟಿಕರ್ ಆಮ್ಯಾಲ. ರಸ್ತಾದ ಮ್ಯಾಲ ಮಾತ್ರ ರೇಸ್ ಬ್ಯಾಡ್ರಿ.