ಫೈನಲ್ ಆಡಿದ ಬೆಂಗಳೂರಿನ ಮಹಿಳಾ ತಂಡ

ದೇಶದ ಅತಿ ದೊಡ್ಡ ಮಹಿಳಾ ಫುಟ್‌ಬಾಲ್ ಲೀಗ್‌ನ ಫೈನಲ್ ಆಡಿದ ತಂಡ ಬೆಂಗಳೂರಲ್ಲೇ ಇದೆ, ಗೊತ್ತಾ? ಹೆಸರು ಕಿಕ್‌ಸ್ಟಾರ್ಟ್ ಎಫ್‌ಸಿ.

2023ರ ಮೇ, ಅಹಮದಾಬಾದ್. ಇಂಡಿಯನ್ ವುಮೆನ್ಸ್ ಲೀಗ್ ಫೈನಲ್‌ನಲ್ಲಿ ಗೋಕುಲಂ ಕೇರಳ ಎದುರು 5-0 ಸೋಲು. ಆದರೂ 16 ತಂಡಗಳಲ್ಲಿ ಎರಡನೇ ಸ್ಥಾನ!

ಆ ವರ್ಷ ಇಡೀ ಲೀಗ್ ಒಂದೇ ಊರಲ್ಲಿ, ಒಂದು ತಿಂಗಳೊಳಗೆ ಮುಗಿದಿತ್ತು. ಮುಂದಿನ ಸೀಸನ್‌ಗೆ ಲೆಕ್ಕವೇ ಬದಲಾಯ್ತು. 7 ತಂಡ. ಪ್ರತಿ ಎದುರಾಳಿ ಜೊತೆ ಎರಡು ಪಂದ್ಯ: ಒಂದು ತವರಲ್ಲಿ, ಇನ್ನೊಂದು ಅವರ ಊರಲ್ಲಿ. ಪ್ರತಿ ತಂಡಕ್ಕೆ ಒಟ್ಟು 12. ನಾಕೌಟ್ ಇಲ್ಲ, ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ತಿಂಗಳುಗಟ್ಟಲೆ ದಣಿಯದೆ ಆಡಿದವರಿಗೇ ಕಪ್. ಒಡಿಶಾ ಚಾಂಪಿಯನ್, ಕಿಕ್‌ಸ್ಟಾರ್ಟ್‌ಗೆ ಮೂರನೇ ಸ್ಥಾನ.

ತವರಿನ ಪಂದ್ಯಕ್ಕೆ ತವರಿನ ಜನ ಬೇಕು. ಮುಂದಿನ ಸಲ ಹೋಗಿ, ಮಗಳನ್ನೂ ಕರ್ಕೊಂಡು ಹೋಗಿ!