ಚಿತ್ರದ ಹೆಸರು ಎಲ್ಲಿರುತ್ತದೆ?

ಮದುವೆ, ಮುಂಜಿ, ಯಾತ್ರೆಗಳ ಸಾವಿರಾರು ಚಿತ್ರಗಳು ಇಂದು ಮನೆಯ ಕಂಪ್ಯೂಟರಿನಲ್ಲಿ ಸೇರಿರುವುದುಂಟು. ಅವನ್ನು ಜೋಡಿಸಿಡುವ ತಂತ್ರಾಂಶವನ್ನು ತೆರೆದೊಡನೆ ಚಿತ್ರಗಳು ಸಾಲುಸಾಲಾಗಿ ಕಾಣುತ್ತವೆ. ‘ಅಜ್ಜಿ’ ಎಂದು ಬರೆದು ಹುಡುಕಿದರೆ, ಹಿಂದೆ ನಾವು ಹಾಗೆ ಗುರುತು ಮಾಡಿಟ್ಟ ಚಿತ್ರಗಳು ಮಾತ್ರ ಮುಂದೆ ಬರುತ್ತವೆ. ಇಷ್ಟು ಬೇಗ ಇದು ಹೇಗೆ ಸಾಧ್ಯ?

2001ರಲ್ಲಿ ಆರಂಭವಾದ ‘ಡಿಜಿಕ್ಯಾಮ್’ ಎಂಬ ಉಚಿತ ತಂತ್ರಾಂಶವನ್ನೇ ನೋಡೋಣ. ಅದು ಮೊದಲು ಪ್ರತಿ ಚಿತ್ರಕ್ಕೂ ಒಂದು ಪುಟ್ಟ ಪ್ರತಿಯನ್ನು ಮಾಡಿಕೊಳ್ಳುತ್ತದೆ. ಇದಕ್ಕೆ ‘ಥಂಬ್‌ನೇಲ್’, ಎಂದರೆ ಹೆಬ್ಬೆರಳಿನ ಉಗುರು, ಎಂದು ಹೆಸರು. ಆನೆಯನ್ನು ಕನ್ನಡಿಯಲ್ಲಿ ತೋರಿಸುವ ಉಪಾಯವಿದು. 4000ಕ್ಕೆ 3000 ಅಳತೆಯ ಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಅದನ್ನು 256ಕ್ಕೆ 192ರ ಅಳತೆಗೆ ಇಳಿಸಿದರೆ ಉಳಿಯುವುವು 49,152 ಮಾತ್ರ. ಈ ಪುಟ್ಟ ಪ್ರತಿಗಳನ್ನೆಲ್ಲ ತಂತ್ರಾಂಶವು ಪ್ರತ್ಯೇಕವಾದ ಒಂದು ಕಡತದಲ್ಲಿ ಕೂಡಿಡುತ್ತದೆ. ಮೂಲಚಿತ್ರವನ್ನು ತಿದ್ದಿದ ದಿನಾಂಕವನ್ನೂ ಜೊತೆಗೆ ಬರೆದಿಟ್ಟುಕೊಂಡಿರುತ್ತದೆಯಾದ್ದರಿಂದ, ಮೂಲ ಬದಲಾದರೆ ಪುಟ್ಟ ಪ್ರತಿಯನ್ನು ಹೊಸದಾಗಿ ಮಾಡುತ್ತದೆ.

ಇನ್ನು ಚಿತ್ರವನ್ನು ಕುರಿತ ವಿವರಗಳು. ಓಲೆಗರಿಯ ಗ್ರಂಥದ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆಯುತ್ತಿದ್ದುದುಂಟು. ಹಾಗೆಯೇ ಇಂದಿನ ಕ್ಯಾಮೆರಾ ತನ್ನ ಹೆಸರನ್ನೂ ಚಿತ್ರ ತೆಗೆದ ದಿನ, ವೇಳೆಗಳನ್ನೂ ಚಿತ್ರದ ಕಡತದೊಳಗೇ ಬರೆಯುತ್ತದೆ. ‘ಎಕ್ಸಿಫ್’ ಎಂಬ ಈ ಕ್ರಮವನ್ನು 1995ರಲ್ಲಿ ಜಪಾನಿನವರು ರೂಪಿಸಿದರು. ಆದರೆ ಚಿತ್ರದಲ್ಲಿರುವವರು ಯಾರೆಂಬುದನ್ನು ಕ್ಯಾಮೆರಾ ಬಲ್ಲುದೆ? ಅದನ್ನು ನಾವೇ ಬರೆಯಬೇಕು.

ಹಾಗೆ ಬರೆದ ಹೆಸರನ್ನು ತಂತ್ರಾಂಶವು ತನ್ನದೇ ಆದ ಸೂಚಿಯಲ್ಲಿ ಸೇರಿಸುತ್ತದೆ. ಹುಡುಕುವಾಗ ಅದು ಚಿತ್ರಗಳನ್ನು ಒಂದೊಂದಾಗಿ ತೆರೆಯದೆ ಈ ಸೂಚಿಯನ್ನೇ ನೋಡುತ್ತದೆ. ಬೇಗ ಸಿಗುವುದರ ಗುಟ್ಟು ಇದೇ. ಎಚ್ಚರ ತಪ್ಪಿದರೆ ನಷ್ಟವಾಗುವುದೂ ಇಲ್ಲಿಯೇ. ಕಂಪ್ಯೂಟರ್ ಬದಲಾಯಿಸುವಾಗ ಚಿತ್ರಗಳನ್ನು ಮಾತ್ರ ಹೊಸದಕ್ಕೆ ಸಾಗಿಸಿ ಸೂಚಿಯನ್ನು ಬಿಟ್ಟರೆ, ಮುಖಗಳು ಉಳಿದು ಹೆಸರುಗಳು ಹೋಗುತ್ತವೆ. ಪುಟ್ಟ ಪ್ರತಿಗಳು ಅಳಿದರೆ ಚಿಂತೆಯಿಲ್ಲ, ಮೂಲದಿಂದ ಮತ್ತೆ ಹುಟ್ಟುತ್ತವೆ. ಹೆಸರುಗಳು ಹಾಗಲ್ಲ.

ಇದಕ್ಕೆ ಪರಿಹಾರ ಸುಲಭ. ವಿವರಗಳನ್ನು ಚಿತ್ರದ ಕಡತದಲ್ಲಿಯೇ ಬರೆಯುವಂತೆ ತಂತ್ರಾಂಶದ ಆಯ್ಕೆಗಳಲ್ಲಿ ಒಮ್ಮೆ ಗೊತ್ತುಮಾಡಬಹುದು. ಮೂಲವನ್ನು ಮುಟ್ಟುವುದು ಬೇಡವೆಂದರೆ ‘ಎಕ್ಸ್‌ಎಂಪಿ’ ಎಂಬ ಜೊತೆಕಡತದಲ್ಲಿ ಬರೆಸಿ, ಅದನ್ನು ಚಿತ್ರದಿಂದ ಅಗಲಿಸದೆ ಇಡಬಹುದು. ಸೂಚಿಯ ಒಂದು ನಕಲನ್ನೂ ಬೇರೆಡೆ ಇಡುವುದು ಲೇಸು.

ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಸ್ಕ್ಯಾನ್ ಮಾಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವುಗಳಲ್ಲಿ ತೆಗೆದ ದಿನವೂ ಬರೆದಿರುವುದಿಲ್ಲ. ಕುಳಿತವರು ಯಾರು, ನಿಂತವರು ಯಾರು ಎಂದು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರು ಹಿರಿಯರಷ್ಟೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ, ಈಗಲೇ ಬರೆದಿಡುವುದು ಒಳ್ಳೆಯದು.